ದಿಲ್ಲಿ ಬ್ಯಾಳಿ

ಎಳ್ಳಮಾಸಿ ಮುಂಜಾನೆ ನಾಲ್ಕಕ್ಕ
ನಮ್ಮತ್ತಿ ಬಾಳವ್ವ ಒಲಿ ಹಚ್ಚಿದಳಂದ್ರ
ಓಣಿ ನಾಯಿಗೂ ಗೊತ್ತು, ಇವತ್ತು ಊಟ ಹೊಲದಾಗ.
ಸಜ್ಜಿ ರೊಟ್ಟಿಗೆ ಎಳ್ಳು ಹಚ್ಚಿ ಬಡದು ಬಡದು
ಬಳಿ ಸಪ್ಪಳ, ರೊಟ್ಟಿ ಸಪ್ಪಳ ಒಂದಾದವು.
ಜ್ವಾಳದ ಕಡುಬು, ಗುಂಡುಬದನಿ ಎಣ್ಣಿಗಾಯಿ,
ಅವರಿ, ಅಲಸಂದಿ, ಹಸಿ ಕಡ್ಲಿ, ಎಳಿ ಮೆಂತೆ
ಕೈಗೆ ಸಿಕ್ಕಿದ್ದೆಲ್ಲಾ ಕೂಡಿಸಿ ಭಜ್ಜಿ,
ಪುಂಡಿಪಲ್ಯೆದ ಮ್ಯಾಲೆ ಬೆಳ್ಳುಳ್ಳಿ ಒಗ್ಗರಣಿ,
ಗುರೆಳ್ಳು ಹಿಂಡಿ,
ಶೇಂಗಾ ಹೋಳಿಗಿ, ನಡುನಡುವ ಬಟ್ಟಿ ಹಾಸಿ.

ಬುಟ್ಟಿ ತುಂಬಾಕ ಕುಂತಾಕಿ ನಾನು.
ಇಷ್ಟೆಲ್ಲಾದರ ನಡುವ
ನನಗ ಬೇಕಾದದ್ದು ಒಂದು ಸೌಟು ಕರೇ ಬ್ಯಾಳಿ.
ಹೇಳಿದ್ರ ಬೈಸ್ಕೋಬೇಕು. ಹೇಳಲಿಲ್ಲ.

ಹೋದ ವರ್ಷ ಇದೇ ಮಾಗಿಯೊಳಗ ದಿಲ್ಲಿಗೆ ಹೋಗಿದ್ವಿ
ಕುಷ್ಟಗಿ ಕಡೆ ಅಂಗನವಾಡಿಯವರು, ಹದಿನೇಳು ಮಂದಿ,
ಪಗಾರ ಹೆಚ್ಚು ಮಾಡ್ರಿ ಅಂತ ಕೇಳಾಕ.
ಅದಕ್ಕ ಪಗಾರ ಅನ್ನಂಗಿಲ್ಲ, ಗೌರವಧನ ಅನ್ನಬೇಕು.
ಧನ ಕಮ್ಮಿ ಬಿತ್ತಂತ ಮುಂದ ಗೌರವ ಸೇರಿಸ್ಯಾರ.
ರಾಯಚೂರಾಗ ರೈಲು ಹತ್ತಿದ್ವಿ.
ಕಟ್ಟಿಕೊಂಡ ರೊಟ್ಟಿ ಸೋಲಾಪುರಕ್ಕ ಅರ್ಧ,
ಭೋಪಾಳಕ್ಕ ಪೂರಾ.
ಹಿಂಡಿ ಡಬ್ಬಿ ನೆಕ್ಕಿದಾಕಿ ರಜಿಯಾ ಬೇಗಂ,
ಇವತ್ತಿಗೂ ಆಣಿ ಮಾಡ್ತಾಳ, ನಾನಲ್ಲ ಅಂತ.

ಬೆಳತನ ಕೂಗಿ ಗಂಟಲು ಹರದು
ಸಂಜಿಮುಂದ ಯಾರೋ ಅಂದ್ರು,
ಅಲ್ಲೊಂದು ಸಿಖ್ಖರ ಗುಡಿ ಐತಿ, ಊಟ ಹಾಕ್ತಾರ.
ತಲಿ ತುಂಬ ಸೆರಗು ಹೊತ್ತು ಸಾಲಿಗೆ ಕುಂತ್ವಿ.
ನೀಲಿ ಪೇಟದ ಮುದುಕ ಬುಟ್ಟಿ ಹಿಡದು ಬಂದ.
ನಾನು ಬಲಗೈ ಚಾಚಿದೆ.
ಆತ ಕೊಡಲಿಲ್ಲ.
ಬುಟ್ಟಿ ಕೆಳಗಿಟ್ಟು ತನ್ನ ಎರಡೂ ಕೈ ಕೂಡಿಸಿ ತೋರಿಸಿದ,
ಹಿಂಗ.
ಬೊಗಸಿ ಒಡ್ಡಿದೆ. ರೊಟ್ಟಿ ಬಿತ್ತು,
ಗೋದಿದು, ಅಂಗೈ ಸುಡುವಂಥಾದ್ದು.

ಆಮ್ಯಾಲೆ ಬ್ಯಾಳಿ.
ಸಿಪ್ಪಿ ಸಹಿತ ಇಡೀ ಉದ್ದು,
ರಾತ್ರಿಯೆಲ್ಲಾ ಕುದ್ದು ಕುದ್ದು ಮೆತ್ತಗಾದದ್ದು.
ಖಾರಿಲ್ಲ, ನಮ್ಮ ನಾಲಿಗಿಗೆ ಸಪ್ಪನದು,
ಮೂರು ಸಲ ಹಾಕಿಸಿಕೊಂಡೆ.
ಹೆಸರೇನು ಅನ್ನಲಿಲ್ಲ ಯಾರೂ.
ಸಹಿ ಮಾಡು ಅನ್ನಲಿಲ್ಲ.
ಇಪ್ಪತ್ತೆರಡು ವರ್ಷ ಆತು ನಾನು ಕೂಸುಗಳಿಗೆ
ತತ್ತಿ ಎಣಿಸಿ, ಚಿಕ್ಕಿ ಎಣಿಸಿ, ಬ್ಯಾಳಿ ತೂಗಿ,
ಉಣ್ಣೋ ಬಾಯಿ ಫೋಟೋ ಹಿಡದು ಮ್ಯಾಲಕ್ಕ ಕಳಿಸಾಕ ಹತ್ತಿ.
ಅಲ್ಲೂ ರೂಢಿ ಬಿಡಲಿಲ್ಲ, ತಲಿ ಎಣಿಸಿದೆ.
ನೂರಾ ನಲವತ್ತಕ್ಕ ತಪ್ಪಿತು.
ಹೊಳ್ಳಿ ಎಣಿಸು ಅನ್ನಾವರು ಯಾರೂ ಇರಲಿಲ್ಲ.

"ದಿಲ್ಲಿಗೆ ಹೋಗಿ ಏನು ತಂದ್ರವ್ವಾ?"
ಕಟ್ಟಿ ಮ್ಯಾಲಿನವರು ಕೇಳಿದ್ರು.
"ಬ್ಯಾಳಿ ಉಂಡು ಬಂದ್ವಿ" ಅಂದೆ. ನಕ್ಕರು. ನಾನೂ ನಕ್ಕೆ.
ಎರಡು ಸಲ ಮನ್ಯಾಗ ಮಾಡಿ ನೋಡಿದೆ.
"ಎಮ್ಮಿಗೆ ಕುದಿಸಿದ್ದೇನು?" ಅಂದ ಮಗ.
ಗಂಡ ಖಾರಪುಡಿ ಕಲಿಸಿಕೊಂಡು ಸುಮ್ಮನ ಉಂಡ.
ತುಪ್ಪ ಕಮ್ಮಿ ಬಿತ್ತೋ,
ರಾತ್ರಿ ಕಮ್ಮಿ ಬಿತ್ತೋ.

ಹೊಲದಾಗ ಬನ್ನಿಗಿಡದ ಬುಡಕ ಐದು ಕಲ್ಲು, ಸುಣ್ಣ ಬಳದು,
ಕುಂಕುಮ ಹಚ್ಚಿ ಎಡಿ ಹಿಡದ್ವಿ.
ಕಡ್ಲಿ ಸಾಲಿನ ಗುಂಟ ಬಾಳವ್ವ ಮುಂದ,
ಮುಟಿಗಿ ಮುಟಿಗಿ ತೆಗೆದು ಚರಗ ಚೆಲ್ಲಿದಳು.
ಹುಲಿಗ್ಯೋ... ಅಂದ ಗಂಡ.
ಚಳ್ಳಂಬರಿಗ್ಯೋ... ಅಂದ್ವಿ ಹಿಂದ ನಾವು.
ಎಲ್ಲಿ ಎಷ್ಟು ಬಿತ್ತು, ಆಕಿ ಹೊಳ್ಳಿ ನೋಡಲಿಲ್ಲ.

ಊಟಕ್ಕ ಕುಂತಾಗ ಆಕಿ ರೊಟ್ಟಿ ಚಾಚಿದಳು.
ಯಾವಾಗ ಕೂಡಿದ್ವೋ ನನ್ನ ಎರಡೂ ಕೈ,
ನನಗ ಗೊತ್ತಿಲ್ಲ.
ಅತ್ತಿ ನನ್ನ ಬೊಗಸಿ ನೋಡಿದಳು, ಮಾರಿ ನೋಡಿದಳು.
"ಎರಡು ಬೇಕಾದ್ರ ಬಾಯಿಬಿಟ್ಟು ಹೇಳಬಾರದೇನು,
ಇದೇನು ಹೊಸಾ ಸೋಗು?" ಅಂದು
ಎರಡು ರೊಟ್ಟಿ ಹಾಕಿ
ಮ್ಯಾಲೆ ಬೆಣ್ಣಿ ಒಗದು ಮುಂದ ಹೋದಳು.

ಎರಡೂ ಉಂಡೆ.
ಬ್ಯಾಳಿ ಆಸಿ ಹಂಗ ಐತಿ.